ಮೋಲ್ಡ್‌ಗೆ ಫೈಬರ್ ಕಂಬಿ: ಬೆಂಕಿ ಬಿದ್ದರೆ ಸೂರು ನಿಲ್ಲುತ್ತಾ?

ಗ್ಯಾಸ್ ಒಲೆಯ ಮೇಲೆ ಆ ಕಂಬಿಯ ತುಂಡನ್ನು ಹಿಡಿದವರು ಮನೆಯ ಯಜಮಾನತಿ. ಗಂಡ ಹೆಂಡತಿ ಇಬ್ಬರೂ ನಿವೃತ್ತ ಶಿಕ್ಷಕರು. ಕೆಂಗೇರಿಯ ಆಚೆ 30–40ರ ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದರು. ಪಿಲ್ಲರ್, ಬೀಮ್, ಮೋಲ್ಡ್‌ನ ಲೆಕ್ಕ ನನ್ನದು; ಮೋಲ್ಡ್ ಅಂದರೆ ಸೂರಿನ ಕಾಂಕ್ರೀಟ್ ಸ್ಲ್ಯಾಬ್. ಅವರ ಮೂಲ ಊರು ಕುಮಟಾ ಹತ್ತಿರ. ಅಲ್ಲಿ ಅಣ್ಣ ಕಟ್ಟಿಸಿದ ತಾರಸಿ ಮನೆ ಉಪ್ಪುಗಾಳಿಗೆ ಇಪ್ಪತ್ತೈದು ವರ್ಷವೂ ತಡೆಯಲಿಲ್ಲ. ಕಂಬಿ ತುಕ್ಕು ಹಿಡಿದು, ಉಬ್ಬಿ, ತಳದ ಕಾಂಕ್ರೀಟ್ ಹಪ್ಪಳದ ಹಾಗೆ ಎದ್ದು ಬಿದ್ದಿತ್ತು. ಹಾಗಾಗಿ ಮೇಷ್ಟರಿಗೆ ತುಕ್ಕು ಅಂದರೆ ಭಯ. ಯಾರೋ ಕೊಟ್ಟ ಗೇಣುದ್ದದ ಫೈಬರ್ ಕಂಬಿ (ಗಾಜಿನ ಎಳೆಗಳನ್ನು ರೆಸಿನ್ ಅನ್ನುವ ಅಂಟಿನಲ್ಲಿ ಗಟ್ಟಿ ಮಾಡಿದ್ದು) ಹಿಡಿದುಕೊಂಡು, "ಸಾರ್, ಇದು ಜನ್ಮದಲ್ಲಿ ತುಕ್ಕು ಹಿಡಿಯೋದಿಲ್ವಂತೆ. ಮೋಲ್ಡ್‌ಗೆ ಇದನ್ನೇ ಹಾಕೋಣ್ವಾ?" ಅಂದರು.

"ಬೆಂಕಿ ಬಿದ್ರೆ ಏನಾಗುತ್ತೆ ಅಂತ ಮೊದಲು ಕೇಳಿ" ಅಂದರು ಮೇಡಂ. ನಾನು ಬಾಯಿ ಬಿಡುವಷ್ಟರಲ್ಲಿ ತುಂಡನ್ನು ಇಕ್ಕಳದಲ್ಲಿ ಹಿಡಿದು ಒಲೆ ಹಚ್ಚಿಯೇಬಿಟ್ಟಿದ್ದರು.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಸ್ವಿಚ್‌ಬೋರ್ಡ್ ಸುಟ್ಟಂಥ ವಾಸನೆ. ಕಪ್ಪು ಹೊಗೆ. ಕಂಬಿಯ ಮೈಗೆ ಹಳದಿ ಉರಿ ಹತ್ತಿ ತಾನೇ ಉರಿಯತೊಡಗಿತು. ಆರಿಸಿ ನೋಡಿದರೆ, ಸುಟ್ಟ ಜಾಗದಲ್ಲಿ ಕಂಬಿ ಇರಲಿಲ್ಲ. ಬೂದು ಬಣ್ಣದ ಎಳೆಗಳ ಒಂದು ಕಂತೆ ಇತ್ತು, ಮುಸುಕಿನ ಜೋಳದ ತೆನೆಯ ಕೂದಲಿನ ಹಾಗೆ. ಇಕ್ಕಳದಿಂದ ತಟ್ಟಿದರೆ ದೀಪದ ಬತ್ತಿಯಂತೆ ಬಗ್ಗಿತು.

ಅವತ್ತಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಜನ ವಾಸಿಸುವ ಮನೆಯ ಮೋಲ್ಡ್‌ಗೆ ಫೈಬರ್ ಕಂಬಿ ಹಾಕಬಹುದಾ? ಬೆಂಕಿಯ ಲೆಕ್ಕದಲ್ಲಿ ಮಾತ್ರ ಕೇಳುತ್ತಿದ್ದೇನೆ. ಬೆಲೆಯ ಮಾತು ಬೇರೆ. ಪರ, ವಿರೋಧ ಎರಡನ್ನೂ ನಾನೇ ಬರೆದಿದ್ದೇನೆ, ಎರಡನ್ನೂ ನಂಬಿಯೇ ಬರೆದಿದ್ದೇನೆ. ಆದರೆ ಎರಡೂ ಒಂದೇ ತೂಕದವು ಅಂತ ನಾನು ಹೇಳುವುದಿಲ್ಲ.

ಪರ: ಹಾಕಬಹುದು, ತುದಿ ತಣ್ಣಗಿದ್ದರೆ

ಒಲೆಯ ಮೇಲೆ ಸುಟ್ಟ ತುಂಡನ್ನು ನೋಡಿ ತೀರ್ಮಾನ ಮಾಡಿದರೆ ಆ ಕಂಬಿಗೆ ಅನ್ಯಾಯ. ಮೋಲ್ಡ್‌ನ ಒಳಗಿರುವ ಕಂಬಿಗೆ ಉರಿ ತಾಗುವುದಿಲ್ಲ, ಬಿಸಿ ಮಾತ್ರ ತಾಗುತ್ತದೆ. ಸುತ್ತಲೂ ಕಾಂಕ್ರೀಟ್. ಗಾಳಿ ಸಿಗುವುದಿಲ್ಲ. ಗಾಳಿ ಇಲ್ಲದೆ ಹೊತ್ತಿಕೊಳ್ಳುವುದೂ ಇಲ್ಲ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್‌ಗೆ ಬಿದ್ದ ಬೆಂಕಿ 72 ಜನರ ಪ್ರಾಣ ತೆಗೆಯಿತು. ಅಂದಿನಿಂದ 'ಕಟ್ಟಡದಲ್ಲಿ ಪ್ಲಾಸ್ಟಿಕ್' ಅಂದ ಕೂಡಲೇ ಜನ ಬೆಚ್ಚುತ್ತಾರೆ. ಅದು ಸಹಜ. ಆದರೆ ಅಲ್ಲಿ ಉರಿದದ್ದು ಗೋಡೆಯ ಹೊರಮೈಗೆ ಹೊದಿಸಿದ್ದ ಪ್ಲಾಸ್ಟಿಕ್ ತಿರುಳಿನ ಹಲಗೆ ಮತ್ತು ಫೋಮ್. ಗಾಳಿ ಬೇಕಾದಷ್ಟು ಸಿಕ್ಕಿತ್ತು. ಕಾಂಕ್ರೀಟ್ ಒಳಗೆ ಹುದುಗಿದ ರೆಸಿನ್‌ನ ಕಥೆಯೇ ಬೇರೆ.

ಈ ಕಂಬಿ ಹೇಗೆ ತಯಾರಾಗುತ್ತದೆ ಅಂತ ಸ್ವಲ್ಪ ನೋಡೋಣ. ಕೂದಲಿಗಿಂತ ಸಣ್ಣ ಗಾಜಿನ ಎಳೆಗಳನ್ನು ಸಾವಿರಗಟ್ಟಲೆ ಒಂದೇ ದಿಕ್ಕಿಗೆ ಎಳೆಯುತ್ತಾರೆ. ರೆಸಿನ್‌ನಲ್ಲಿ ಅದ್ದುತ್ತಾರೆ. ಬಿಸಿ ಅಚ್ಚಿನೊಳಗಿಂದ ಹೊರಗೆಳೆದು ಗಟ್ಟಿ ಮಾಡುತ್ತಾರೆ. ಒಳ್ಳೆಯ ಕಂಬಿಯಾದರೆ ರೆಸಿನ್ ವಿನೈಲ್ ಎಸ್ಟರ್ ಆಗಿರುತ್ತದೆ. ಭಾರ ಹೊರುವುದು ಗಾಜು. ಎಳೆಗಳನ್ನು ಒಟ್ಟಿಗೆ ಹಿಡಿಯುವುದು, ಕಾಂಕ್ರೀಟಿನ ಭಾರವನ್ನು ಎಳೆಗಳಿಗೆ ದಾಟಿಸುವುದು ರೆಸಿನ್. ಈ ರೆಸಿನ್ 100ರಿಂದ 130 ಡಿಗ್ರಿ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. 300–400 ಡಿಗ್ರಿಗೆ ಕರಕಲಾಗಿ ಹೋಗುತ್ತದೆ. ಗಾಜು ಹಾಗಲ್ಲ. ಎಷ್ಟೋ ಜಾಸ್ತಿ ಬಿಸಿಯವರೆಗೂ ಎಳೆ ಎಳೆಯಾಗಿಯೇ ಉಳಿಯುತ್ತದೆ. ಮೇಡಂ ಒಲೆಯ ಮೇಲೂ ಹೋದದ್ದು ರೆಸಿನ್, ಉಳಿದದ್ದು ಗಾಜು.

ಕಡ್ಡಿ ಪೊರಕೆಯನ್ನು ನೆನಪು ಮಾಡಿಕೊಳ್ಳಿ. ಕಟ್ಟಿದ ದಾರ ಬಿಚ್ಚಿಹೋಗಿದೆ ಅಂದುಕೊಳ್ಳಿ. ಆದರೂ ಇಬ್ಬರು ಎರಡು ತುದಿಗಳನ್ನು ಬಿಗಿಯಾಗಿ ಮುಷ್ಟಿಯಲ್ಲಿ ಹಿಡಿದು ಜಗ್ಗಿದರೆ ಕಡ್ಡಿಗಳು ತಡೆಯುತ್ತವೆ. ಮುಷ್ಟಿ ಸಡಿಲವಾದರೆ ಮಾತ್ರ ಜಾರುತ್ತವೆ. ಬಿಸಿಯಾದ ಫೈಬರ್ ಕಂಬಿಯೂ ಹೀಗೇ. ನಡುವಿನ ರೆಸಿನ್ ಹೋದರೂ ಪರವಾಗಿಲ್ಲ, ಎರಡು ತುದಿಗಳಲ್ಲಿ ಹಿಡಿತ ಉಳಿದಿದ್ದರೆ ಸಾಕು. ಆ ತುದಿಗಳು ಬೆಂಕಿಯ ಮೇಲೆ ಇರಬಾರದು, ಅಷ್ಟೇ.

ಇದನ್ನು ಕುಲುಮೆಯಲ್ಲಿ ಸುಟ್ಟು ನೋಡಿದ್ದಾರೆ. ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯ ಮತ್ತು ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿಯವರು ಫೈಬರ್ ಕಂಬಿಯ ಪೂರ್ಣ ಗಾತ್ರದ ಸ್ಲ್ಯಾಬ್‌ಗಳನ್ನು ಮೇಲೆ ಭಾರ ಹೇರಿಯೇ ಕೆಳಗಿನಿಂದ ಸುಟ್ಟರು. ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಕಂಬಿಯ ಕೆಳಗೆ 40 ಮಿ.ಮೀ. ಕವರ್, ಅಂದರೆ ಕಂಬಿಯನ್ನು ಮುಚ್ಚುವ ಕಾಂಕ್ರೀಟ್ ಪದರ. ತುದಿಗಳು ಒಂದು ಗೇಣಿನಷ್ಟು ಬೆಂಕಿಯಿಂದ ಆಚೆ. ಅಂಥ ಪರೀಕ್ಷೆಯಲ್ಲಿ ಕುಲುಮೆಯ ಬಿಸಿ ಸಾವಿರ ಡಿಗ್ರಿ ದಾಟುತ್ತದೆ. ಸ್ಲ್ಯಾಬ್‌ಗಳು 3 ಗಂಟೆ ನಿಂತವು. ಇಟಲಿಯ ನೇಪಲ್ಸ್‌ನಲ್ಲಿ ಅದಕ್ಕೂ ಮೊದಲು ನಡೆದ ಪರೀಕ್ಷೆಗಳೂ ಇದೇ ಮಾತು ಹೇಳಿದವು. ತಣ್ಣಗಿನ ತುದಿ ಉದ್ದವಿದ್ದಷ್ಟೂ ಸ್ಲ್ಯಾಬ್ ಜಾಸ್ತಿ ಹೊತ್ತು ತಡೆಯಿತು.

ಇನ್ನೊಂದು ಲೆಕ್ಕ ಇದೆ. ಸೇಲ್ಸ್‌ನವರು ಇದನ್ನು ಹೇಳುವುದಿಲ್ಲ, ಅವರಿಗೆ 'ಕಬ್ಬಿಣಕ್ಕಿಂತ ಗಟ್ಟಿ' ಅನ್ನುವುದೇ ಸಾಕು. ಫೈಬರ್ ಕಂಬಿ ಎಳೆತಕ್ಕೆ ಗಟ್ಟಿ ಹೌದು, ಆದರೆ ಬಿಗುವು ಕಡಿಮೆ. ಕಬ್ಬಿಣದ ಬಿಗುವು 200 ಗಿಗಾಪ್ಯಾಸ್ಕಲ್ ಆದರೆ ಇದರದ್ದು 40ರಿಂದ 60. ಅಂದರೆ ಅದೇ ಭಾರಕ್ಕೆ ಜಾಸ್ತಿ ಹಿಗ್ಗುತ್ತದೆ, ಮೋಲ್ಡ್ ಜಾಸ್ತಿ ಜೋತು ಬೀಳುತ್ತದೆ. ಅದನ್ನು ತಡೆಯಲು ಬಲಕ್ಕೆ ಬೇಕಾದದ್ದಕ್ಕಿಂತ ಜಾಸ್ತಿ ಕಂಬಿ ಹಾಕಬೇಕಾಗುತ್ತದೆ. ಮೇಲಾಗಿ ಗಾಜಿನ ಎಳೆಯನ್ನು ವರ್ಷಾನುಗಟ್ಟಲೆ ಜೋರಾಗಿ ಎಳೆದಿಟ್ಟರೆ ಒಂದು ದಿನ ತಾನಾಗಿ ತುಂಡಾಗುತ್ತದೆ. ಅದಕ್ಕೇ ಅಮೆರಿಕದ ಕಾಂಕ್ರೀಟ್ ಸಂಸ್ಥೆ ಎಸಿಐ ಶಾಶ್ವತ ಭಾರಕ್ಕೆ ಮಿತಿ ಹಾಕಿದೆ. ಮೊದಲಿನ ಮಾರ್ಗಸೂಚಿಯಲ್ಲಿ ಕಂಬಿಯ ಬಲದ ಶೇಕಡಾ 20, 2022ರ ಕೋಡ್‌ನಲ್ಲಿ ಶೇಕಡಾ 30. ಕಬ್ಬಿಣದ ಮೋಲ್ಡ್‌ನಲ್ಲಿ ಕಂಬಿ ದಿನದ ಭಾರಕ್ಕೇ ತನ್ನ ಬಲದ ಅರ್ಧದಷ್ಟನ್ನು ಬಳಸುತ್ತಿರುತ್ತದೆ. ಹಾಗಾಗಿ ಬೆಂಕಿ ಬಿದ್ದಾಗ ಕಳೆದುಕೊಳ್ಳಲು ಫೈಬರ್ ಕಂಬಿಯ ಹತ್ತಿರ ಜಾಸ್ತಿ ಉಳಿತಾಯ ಇರುತ್ತದೆ.

ಕಬ್ಬಿಣವೇನು ಬೆಂಕಿಗೆ ಜಗ್ಗದ್ದಲ್ಲ. 550–600 ಡಿಗ್ರಿಗೆ ಅರ್ಧ ಬಲ ಹೋಗಿರುತ್ತದೆ. ಅದನ್ನು ಕಾಪಾಡುವುದೂ ಕವರ್‌ನ ಕಾಂಕ್ರೀಟೇ. ಇಲ್ಲಿಯೇ ನನಗೆ ಕುಮಟಾದ ಆ ಮನೆ ನೆನಪಾಗುತ್ತದೆ.

ನಾನು ಅದನ್ನು ನೋಡಿದ್ದೇನೆ. ಅಡುಗೆಮನೆಯ ಸೂರಿನಲ್ಲಿ ಚಾಪೆಯಷ್ಟು ಅಗಲಕ್ಕೆ ಕಾಂಕ್ರೀಟ್ ಉದುರಿತ್ತು. ಕಂಬಿಗಳು ಬರಿಮೈಯಲ್ಲಿ ಕಾಣುತ್ತಿದ್ದವು. ಒಂದನ್ನು ಬೆರಳಿನಿಂದ ಉಜ್ಜಿದರೆ ಕಂದು ಹಾಳೆಗಳು ಎದ್ದವು. ಒಳಗೆ ಉಳಿದಿದ್ದ ಕಬ್ಬಿಣ ಪೆನ್ಸಿಲಿನಷ್ಟೂ ದಪ್ಪ ಇರಲಿಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಕೇಳುತ್ತದೆ. ಆ ಒತ್ತಡಕ್ಕೆ ಕವರ್ ಸಿಡಿಯುತ್ತದೆ. ಅದರ ಸರಿಯಾಗಿ ಕೆಳಗೇ ಗ್ಯಾಸ್ ಒಲೆ ಇತ್ತು. ಅಲ್ಲಿ ಬೆಂಕಿ ಬಿದ್ದರೆ ಕಬ್ಬಿಣಕ್ಕೆ ಕೋಡ್ ಕೊಡುವ ಒಂದು ಗಂಟೆ, ಎರಡು ಗಂಟೆಯ ಭರವಸೆಗೆ ಅರ್ಥವೇ ಇಲ್ಲ. ಕವರ್ ಇದ್ದರೆ ತಾನೇ ಭರವಸೆ? ಕಾರವಾರದಿಂದ ಉಳ್ಳಾಲದವರೆಗೆ ಇಂಥ ಸೂರಿನ ಕೆಳಗೆ ಮಲಗುವ ಮನೆಗಳು ಎಷ್ಟೋ ಇವೆ. ಬೆಂಕಿಗೆ ಕಬ್ಬಿಣ ಒಳ್ಳೆಯದು ಅನ್ನುವಾಗ ಹೊಸ ಕಬ್ಬಿಣವನ್ನು ಮಾತ್ರ ನೆನೆಸಿಕೊಳ್ಳುತ್ತೇವೆ. ಇಪ್ಪತ್ತೈದು ವರ್ಷದ ಮೇಲಿನ ಕಬ್ಬಿಣವನ್ನೂ ನೆನೆಸಿಕೊಳ್ಳಬೇಕು ಅಲ್ವಾ?

ಕರಗುವ ವಸ್ತು ಯಾವಾಗಲೂ ಕೆಟ್ಟದ್ದು ಅಂತಲೂ ಅಲ್ಲ. 1996ರ ನವೆಂಬರ್‌ನಲ್ಲಿ ಇಂಗ್ಲೆಂಡ್–ಫ್ರಾನ್ಸ್ ನಡುವಿನ ಚಾನೆಲ್ ಸುರಂಗದಲ್ಲಿ ಬೆಂಕಿ ಬಿದ್ದಾಗ ಒಳಗೋಡೆಯ ಕಾಂಕ್ರೀಟ್ ಪದರ ಪದರವಾಗಿ ಸಿಡಿಯಿತು. ಒಳಗಿನ ತೇವ ಆವಿಯಾಗಿ, ಹೊರಗೆ ಬರಲು ದಾರಿ ಸಿಗದೆ ಹೀಗಾಗುತ್ತದೆ. ಈಗ ಇಂಥ ಕಾಂಕ್ರೀಟಿಗೆ ಘನ ಮೀಟರಿಗೆ 2 ಕೆಜಿಯಷ್ಟು ಪಾಲಿಪ್ರೊಪಿಲಿನ್ ನಾರು ಬೆರೆಸುತ್ತಾರೆ. ಅದು 160–170 ಡಿಗ್ರಿಗೆ ಕರಗಿ ಆವಿಗೆ ಸಣ್ಣ ಸಣ್ಣ ದಾರಿ ಬಿಡುತ್ತದೆ. ಇದು ಕಂಬಿ ಅಲ್ಲ, ಬೇರೆಯದೇ ವಸ್ತು. 'ಫೈಬರ್' ಅನ್ನುವ ಒಂದೇ ಹೆಸರಿನಿಂದ ಜನ ಎರಡನ್ನೂ ಕಲೆಸಿಕೊಳ್ಳುತ್ತಾರೆ ಅಂತ ಹೇಳಿದೆ.

ಹಳೆಯ ಕಟ್ಟಡಕ್ಕೆ ಹೊರಗಿನಿಂದ ಅಂಟಿಸುವ ಕಾರ್ಬನ್ ಪಟ್ಟಿಯ ವಿಷಯದಲ್ಲಂತೂ ಬೆಂಕಿಗೆ ಉತ್ತರ ಸಿಕ್ಕು ಬಹಳ ಕಾಲವಾಯಿತು. 1991ರಲ್ಲಿ ಸ್ವಿಟ್ಜರ್ಲೆಂಡಿನ ಲೂಸರ್ನ್ ಹತ್ತಿರ ಇಬಾಖ್ ಸೇತುವೆಯನ್ನು ಮೊದಲ ಬಾರಿಗೆ ಕಾರ್ಬನ್ ಪಟ್ಟಿಯಿಂದ ಬಲಪಡಿಸಿದರು. 175 ಕೆಜಿ ಉಕ್ಕಿನ ಕೆಲಸವನ್ನು 6.2 ಕೆಜಿ ಪಟ್ಟಿ ಮಾಡಿತು. ಬೆಂಕಿ ಬಿದ್ದರೆ ಅಂಟು ಹೋಗುತ್ತದೆ ಅನ್ನುವುದನ್ನು ಮುಚ್ಚಿಡದೆ ಎಸಿಐ ಒಂದು ನೇರವಾದ ನಿಯಮ ಮಾಡಿತು: ಬೆಂಕಿಯಲ್ಲಿ ಪಟ್ಟಿ ಇಲ್ಲವೆಂದೇ ತಿಳಿ, ಹಳೆಯ ಕಟ್ಟಡ ಒಂದೇ ನಿಂತು ದಿನದ ಭಾರ ಹೊರುತ್ತದಾ ನೋಡು, ಹೊರುವುದಾದರೆ ಮಾತ್ರ ಪಟ್ಟಿ ಹಾಕು. ಎಷ್ಟು ಪ್ರಾಮಾಣಿಕ ನಿಯಮ! ಪಟ್ಟಿ ಸುತ್ತಿ ಅದರ ಮೇಲೆ ಬೆಂಕಿ ತಡೆಯುವ ಜಿಪ್ಸಂ–ವರ್ಮಿಕ್ಯುಲೈಟ್ ಪ್ಲಾಸ್ಟರ್ ಹೊದಿಸಿದ ಪಿಲ್ಲರ್‌ಗಳು ಕೆನಡಾದ ಕುಲುಮೆಗಳಲ್ಲಿ 4 ಗಂಟೆಗೂ ಜಾಸ್ತಿ ನಿಂತಿವೆ.

ಮೋಲ್ಡ್‌ಗೂ ಇದೇ ದಾರಿ ಹಿಡಿಯಬಹುದು. ಕವರ್ 40 ಇರಲಿ. ಕಂಬಿಯ ತುದಿ ಬೀಮ್‌ನೊಳಗೆ ಚೆನ್ನಾಗಿ ಹೋಗಲಿ. ಬೇಕಾದ ಕಡೆ ತಳಕ್ಕೆ ಪ್ಲಾಸ್ಟರ್ ಹೊದಿಸಲಿ. ಕೆನಡಾದ ಕ್ವಿಬೆಕ್ ನಗರದಲ್ಲಿ ಲಾ ಶಾನ್ಸೆಲಿಯೇರ್ ಅನ್ನುವ ಪಾರ್ಕಿಂಗ್ ಕಟ್ಟಡದ ಸ್ಲ್ಯಾಬ್‌ಗಳೇ ಫೈಬರ್ ಕಂಬಿಯವು. ಮಂಜು ಕರಗಿಸಲು ಹಾಕುವ ಉಪ್ಪು ಕಾರಿನ ಟೈರಿಗೆ ಅಂಟಿ ಒಳಗೆ ಬಂದು ಕಬ್ಬಿಣವನ್ನು ತಿನ್ನುತ್ತದೆ. ನಮ್ಮ ಕರಾವಳಿಗೆ ಗಾಳಿಯಲ್ಲೇ ಉಪ್ಪು ಬರುತ್ತದೆ. ಉಪ್ಪು ಎರಡೂ ಕಡೆ ಒಂದೇ.

ವಿರೋಧ: ಜನ ಮಲಗುವ ಸೂರಿಗೆ ಬೇಡ

ಕವರ್ 40 ಇದ್ದರೆ. ತುದಿ ತಣ್ಣಗಿದ್ದರೆ. ಪ್ಲಾಸ್ಟರ್ ಹೊದಿಸಿದ್ದರೆ. ಮೇಲಿನ ವಾದವೆಲ್ಲ ಈ ಮೂರು 'ದ್ದರೆ'ಗಳ ಮೇಲೆ ನಿಂತಿದೆ. ಅವು ನಮ್ಮ ಸೈಟಿನಲ್ಲಿ ಏನಾಗುತ್ತವೆ ಅಂತ ಹೇಳುತ್ತೇನೆ.

ಮೋಲ್ಡ್ ಹಾಕುವ ದಿನ ಬೆಳಿಗ್ಗೆ ಆರಕ್ಕೇ ಸೈಟಿಗೆ ಹೋಗುವುದು ನನ್ನ ರೂಢಿ. ಮಿಕ್ಸರ್ ಶುರುವಾಗುವ ಮೊದಲು ಟೇಪು ಹಿಡಿದು ಸೆಂಟ್ರಿಂಗ್ ಹಲಗೆಯ ಮೇಲೆ ಕೂತು ಕವರ್ ಅಳೆಯುತ್ತೇನೆ. ಒಂದು ಸೈಟಿನಲ್ಲಿ ನಾನು ಬರೆದುಕೊಟ್ಟದ್ದು 20 ಮಿ.ಮೀ. ಸಿಕ್ಕಿದ್ದು ಒಂದು ಕಡೆ 18, ಒಂದು ಕಡೆ 12, ಒಂದು ಮೂಲೆಯಲ್ಲಿ ಕಂಬಿ ಹಲಗೆಗೇ ತಾಗಿ ಮಲಗಿತ್ತು. ಕಂಬಿಯನ್ನು ಹಲಗೆಯಿಂದ ಎತ್ತಿ ಹಿಡಿಯುವ ಕವರ್ ಬ್ಲಾಕ್ ಬದಲು ಜಲ್ಲಿ ಚೂರು ಇಟ್ಟಿದ್ದರು. ಅದು ಕಾಲು ತಾಗಿದ ಕೂಡಲೇ ಹೊರಳುತ್ತದೆ. ಮೇಸ್ತ್ರಿ ಕೆಟ್ಟವರಲ್ಲ. "ಸಾರ್, ಹತ್ತು ಜನ ಬಾಂಡ್ಲಿ ಹೊತ್ಕೊಂಡು ಓಡಾಡ್ತಾರೆ, ಯಾವುದು ನಿಲ್ಲುತ್ತೆ ಹೇಳಿ?" ಅಂದರು. ಅದು ನಿಜ. ಫೈಬರ್ ಕಂಬಿಯಾದರೆ ಇನ್ನೂ ಕಷ್ಟ, ಕಾಲಿಟ್ಟ ಕಡೆ ಜಾಸ್ತಿ ಬಾಗುತ್ತದೆ.

ಈಗ ಬಿಸಿಯ ಲೆಕ್ಕ. ಬೆಂಕಿ ಪರೀಕ್ಷೆಗೆ ಐಎಸ್‌ಒ 834 ಅನ್ನುವ ಅಳತೆ ಇದೆ. ಕುಲುಮೆ 5 ನಿಮಿಷಕ್ಕೆ 576 ಡಿಗ್ರಿ, 30 ನಿಮಿಷಕ್ಕೆ 842, ಒಂದು ಗಂಟೆಗೆ 945. ಅಂಥ ಬೆಂಕಿಯಲ್ಲಿ ಸ್ಲ್ಯಾಬ್‌ನ ತಳದಿಂದ 20 ಮಿ.ಮೀ. ಒಳಗೆ ಅರ್ಧ ಗಂಟೆಗೆ 300 ಡಿಗ್ರಿ ಆಸುಪಾಸು, ಒಂದು ಗಂಟೆಗೆ 450ಕ್ಕೂ ಜಾಸ್ತಿ. ಕಬ್ಬಿಣಕ್ಕೆ ಇದು ತಡೆಯುವ ಮಟ್ಟ. ಅದಕ್ಕೇ ಭಾರತದ ಕಾಂಕ್ರೀಟ್ ಕೋಡ್ ಆದ 2000ದ ಐಎಸ್ 456ರ 16ಎ ಕೋಷ್ಟಕ, ಎರಡು ತುದಿಯಲ್ಲಿ ಸುಮ್ಮನೆ ಕೂತ (ಸಿಂಪ್ಲಿ ಸಪೋರ್ಟೆಡ್) ಸ್ಲ್ಯಾಬ್‌ಗೆ ಒಂದು ಗಂಟೆಗೆ 20, ಎರಡು ಗಂಟೆಗೆ 35 ಮಿ.ಮೀ. ಕವರ್ ಕೇಳುತ್ತದೆ. ಆ ಅಂಕಿಗಳ ಹಿಂದೆ ಇರುವುದು ಕಬ್ಬಿಣ. ಫೈಬರ್ ಕಂಬಿಗೆ ಅದೇ 20 ಮಿ.ಮೀ. ಕೊಟ್ಟರೆ ಅರ್ಧ ಗಂಟೆಗೂ ಬಹಳ ಮೊದಲೇ ರೆಸಿನ್ ಮೆತ್ತಗಾಗಿರುತ್ತದೆ. 1999ರಲ್ಲಿ ಪ್ರಕಟವಾದ ಪರೀಕ್ಷೆಗಳಲ್ಲಿ ಬಿಸಿ 200–250 ಡಿಗ್ರಿಗೆ ಏರುವಷ್ಟರಲ್ಲಿ ಕಂಬಿ ಮತ್ತು ಕಾಂಕ್ರೀಟಿನ ನಡುವಿನ ಹಿಡಿತ ಶೇಕಡಾ 80–90ರಷ್ಟು ಹೋಗಿತ್ತು. ಗಾಜು ಗಟ್ಟಿಯಾಗಿಯೇ ಇರುತ್ತದೆ, ಆದರೆ ಅದನ್ನು ಹಿಡಿದುಕೊಂಡವರು ಯಾರೂ ಇರುವುದಿಲ್ಲ.

ಹಾಗಾದರೆ 40 ಕವರ್ ಕೊಟ್ಟರಾಯಿತಲ್ಲ? ಕೊಡಬಹುದು. ನಮ್ಮ ಮನೆಗಳ ಮೋಲ್ಡ್ ಸಾಮಾನ್ಯವಾಗಿ ಐದು ಇಂಚು. ಕಂಬಿಯನ್ನು 20 ಮಿ.ಮೀ. ಮೇಲೆ ಎತ್ತಿದರೆ ಮೋಲ್ಡ್ ಕೆಲಸ ಮಾಡುವ ಆಳದಲ್ಲಿ ಐದರಲ್ಲಿ ಒಂದು ಪಾಲು ಹೋಯಿತು. ಅದನ್ನು ತುಂಬಲು ಮೋಲ್ಡ್ ಆರು ಇಂಚು ಮಾಡಬೇಕು. ಒಂದು ಇಂಚು ಕಾಂಕ್ರೀಟ್ ಅಂದರೆ ಚದರ ಮೀಟರಿಗೆ 60 ಕೆಜಿಗೂ ಜಾಸ್ತಿ ತೂಕ. ಅದು ಬೀಮಿಗೆ, ಪಿಲ್ಲರ್‌ಗೆ, ಪಾಯಕ್ಕೆ ಇಳಿಯುತ್ತದೆ. 'ಹಗುರ ಕಂಬಿ' ತಂದು ಮನೆಯನ್ನೇ ಭಾರ ಮಾಡಿದ ಹಾಗಾಯಿತು. ಸುಮ್ನೆ ಕಬ್ಬಿಣ ತೆಗೆದು ಫೈಬರ್ ಹಾಕುವ ಕೆಲಸ ಇದಲ್ಲ. ಮಾರುವವರಲ್ಲಿ ಕೆಲವರು ಅಷ್ಟನ್ನೇ ಹೇಳಿಕೊಡುತ್ತಾರೆ: "10 ಎಂಎಂ ಬದಲು 8 ಎಂಎಂ ಹಾಕಿ, ಸಾಕು." ಬಲದ ಲೆಕ್ಕದಲ್ಲಿ ಸಾಕಾಗಬಹುದು. ಜೋತು ಬೀಳುವ ಲೆಕ್ಕದಲ್ಲಿ ಸಾಲದು. ಪರ ವಾದದಲ್ಲಿ ಹೇಳಿದ ಆ ಉಳಿತಾಯದ ಬಲವೂ ಇದರಲ್ಲಿ ಕರಗಿಹೋಗುತ್ತದೆ.

ತಣ್ಣಗಿನ ತುದಿಯ ಮಾತಿಗೆ ಬರೋಣ. ನನಗೆ ಅತಿ ಹೆಚ್ಚು ಚಿಂತೆ ಹತ್ತಿಸುವುದು ಇದೇ. ಕುಲುಮೆಯ ಗೋಡೆ ದಪ್ಪ, ಅದರಾಚೆ ತಂಪು. ನಮ್ಮ ಮನೆಯಲ್ಲಿ ಮೋಲ್ಡ್ ಕೂರುವ ಬೀಮ್ ಎಂಟು ಒಂಬತ್ತು ಇಂಚು ಅಗಲ. ಬೆಂಕಿ ಹಾಲ್‌ನಿಂದ ರೂಮಿಗೆ ದಾಟಿದರೆ ಆ ಬೀಮ್‌ಗೆ ಎರಡು ಕಡೆಯಿಂದಲೂ ಬಿಸಿ. ಅದರೊಳಗೆ ಹೋದ ಗೇಣುದ್ದದ ತುದಿ ಎಷ್ಟು ಹೊತ್ತು ತಣ್ಣಗಿರುತ್ತದೆ?

ಇನ್ನು ಲ್ಯಾಪ್. ದಪ್ಪ ಕಂಬಿ ಒಂದು ಉದ್ದ ಮುಗಿದ ಕಡೆ ಇನ್ನೊಂದನ್ನು ಪಕ್ಕದಲ್ಲಿ ಮಲಗಿಸಿ ಕಟ್ಟುತ್ತೇವೆ. ಭಾರ ಒಂದರಿಂದ ಇನ್ನೊಂದಕ್ಕೆ ದಾಟುವುದು ನಡುವಿನ ಕಾಂಕ್ರೀಟ್ ಮೂಲಕ, ಹಿಡಿತದ ಮೂಲಕ. ಆ ಲ್ಯಾಪ್ ಬೆಂಕಿಯ ನೇರ ಮೇಲೆ ಬಂದರೆ ತಣ್ಣಗಿನ ತುದಿ ಎಲ್ಲಿಂದ ಬರಬೇಕು? ಪೊರಕೆಯನ್ನು ಮಧ್ಯಕ್ಕೇ ಕತ್ತರಿಸಿ, ಎರಡು ತುಂಡನ್ನು ಪಕ್ಕಪಕ್ಕ ಇಟ್ಟು, ದಾರ ಬಿಚ್ಚಿ ಜಗ್ಗಿದ ಹಾಗೆ.

ಕಬ್ಬಿಣಕ್ಕೆ ಇಂಥ ಜಾಗದಲ್ಲಿ ಕೊಕ್ಕೆ ಹಾಕುತ್ತೇವೆ. ಬಾರ್ ಬೆಂಡಿಂಗ್ ಹುಡುಗ ಮೊಳೆ ಹೊಡೆದ ಹಲಗೆಯ ಮೇಲೆ ಒಂದು ಜಗ್ಗು ಜಗ್ಗಿದರೆ ಕೊಕ್ಕೆ ಸಿದ್ಧ. ಫೈಬರ್ ಕಂಬಿಯನ್ನು ಸೈಟಿನಲ್ಲಿ ಹೀಗೆ ಕೊಕ್ಕೆಯಾಗಿ ಬಗ್ಗಿಸಲು ಆಗುವುದಿಲ್ಲ. ರೆಸಿನ್ ಒಮ್ಮೆ ಗಟ್ಟಿಯಾದರೆ ಮುಗಿಯಿತು. ಒಂದು ಸೈಟಿನಲ್ಲಿ ಹುಡುಗರು ಬ್ಲೋ ಲ್ಯಾಂಪ್ ಹಿಡಿದು ಬಿಸಿ ಮಾಡಿ ಬಗ್ಗಿಸುತ್ತಿದ್ದುದನ್ನು ನಾನೇ ನಿಲ್ಲಿಸಿದ್ದೇನೆ. ಬಗ್ಗಿದ ಕಡೆ ಹೊರಮೈ ಬೆಳ್ಳಗೆ ಸೀಳಿ, ಎಳೆಗಳು ಮುಳ್ಳಿನಂತೆ ಎದ್ದಿದ್ದವು. ಮನೆಗೆ ಬೆಂಕಿ ಬೀಳುವ ಮೊದಲೇ ಕಂಬಿಗೆ ಬೆಂಕಿ ಬಿದ್ದಿತ್ತು. ಕಾರ್ಖಾನೆಯಲ್ಲೇ ಬಗ್ಗಿಸಿದ ಕಂಬಿ ಸಿಗುತ್ತದೆ, ಆದರೆ ಬಾಗಿನಲ್ಲಿ ಬಲ ನೇರ ಕಂಬಿಯ ಅರ್ಧದಷ್ಟಕ್ಕೆ ಇಳಿಯಬಹುದು.

ಬಿಸಿಯಾದಾಗ ಈ ಕಂಬಿ ಅಡ್ಡ ದಿಕ್ಕಿಗೆ ಕಾಂಕ್ರೀಟಿನ ಎರಡು ಪಟ್ಟು ಹಿಗ್ಗುತ್ತದೆ. ತೆಳು ಕವರ್ ಆದರೆ ಅಲ್ಲೇ ಸೀಳು ಬಿಡಬಹುದು. ಕವರ್ ಉದುರಿದರೆ ಕಬ್ಬಿಣ ಬರಿಮೈಯಲ್ಲೂ ಸ್ವಲ್ಪ ಹೊತ್ತು ಹೋರಾಡುತ್ತದೆ. ಫೈಬರ್ ಕಂಬಿಯದು ಮೇಡಂ ಒಲೆಯ ಮೇಲೆ ಆದ ಸ್ಥಿತಿಯೇ.

ಕುಸಿಯುವ ಬಗೆಯಲ್ಲೂ ವ್ಯತ್ಯಾಸ ಇದೆ. ಕಬ್ಬಿಣದ ಮೋಲ್ಡ್ ಬೀಳುವ ಮೊದಲು ಜೋರಾಗಿ ಜೋತು ಬೀಳುತ್ತದೆ. ಅಗ್ನಿಶಾಮಕದವರು ಅದನ್ನು ನೋಡಿ ಹೊರಗೆ ಓಡಿ ಬರುತ್ತಾರೆ. ಕಬ್ಬಿಣ ಹಿಗ್ಗಿ ಹಿಗ್ಗಿ ಕೊನೆಗೆ ತುಂಡಾಗುತ್ತದೆ. ಫೈಬರ್ ಕಂಬಿ ತುಂಡಾಗುವವರೆಗೂ ಒಂದೇ ರೀತಿ ಎಳೆದುಕೊಂಡಿದ್ದು, ಆಮೇಲೆ ಒಮ್ಮೆಗೇ ಹರಿಯುತ್ತದೆ. ತುದಿಯ ಹಿಡಿತ ಜಾರಿದರೂ ಅಷ್ಟೇ. ಉರಿಯುವ ಮನೆಯೊಳಗೆ ಮಗುವನ್ನು ಹುಡುಕುತ್ತಿರುವ ಒಬ್ಬ ಫೈರ್‌ಮನ್‌ನನ್ನು ನೆನೆಸಿಕೊಂಡರೆ ನನಗೆ ಈ ಒಂದು ಕಾರಣವೇ ಸಾಕು ಅನಿಸುತ್ತದೆ.

2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತರು. ಅಲ್ಲಿ ಮೋಲ್ಡ್ ಬೀಳಲಿಲ್ಲ. ಹೊಗೆ ತುಂಬಿತು, ಇಳಿಯುವ ದಾರಿ ಸಿಗಲಿಲ್ಲ, ಕೆಲವರು ಮೇಲಿನಿಂದ ಹಾರಿದರು. ನಮ್ಮ ಊರುಗಳಲ್ಲಿ ಬೆಂಕಿ ಬಿದ್ದಾಗ ಜನ ಬೇಗ ಹೊರಬರುವುದಿಲ್ಲ. ಮೆಟ್ಟಿಲಿನಲ್ಲಿ ಸಾಮಾನು, ಬಾಗಿಲಿಗೆ ಬೀಗ, ಕಿಟಕಿಗೆ ಗ್ರಿಲ್. ಗಲ್ಲಿಯಲ್ಲಿ ಫೈರ್ ಎಂಜಿನ್ ತಿರುಗುವುದಿಲ್ಲ. ಕೆಳಗೆ ಗೋಡೌನ್, ಮೇಲೆ ಮನೆ. ಈಗ ಪಾರ್ಕಿಂಗ್‌ನಲ್ಲಿ ರಾತ್ರಿಯೆಲ್ಲ ಚಾರ್ಜ್ ಆಗುವ ಸ್ಕೂಟರ್ ಬೇರೆ. ಇಂಥ ಕಡೆ ಸೂರು ಜಾಸ್ತಿ ಹೊತ್ತು ನಿಲ್ಲಬೇಕು. ಗ್ರೆನ್‌ಫೆಲ್ ಅಷ್ಟು ಭೀಕರವಾಗಿ ಉರಿದರೂ ಅದರ ಕಾಂಕ್ರೀಟ್ ಮೈ ನಿಂತೇ ಇತ್ತು ಅನ್ನುವುದನ್ನು ಪರ ವಾದ ಹೇಳಲಿಲ್ಲ.

ಬೆಂಕಿ ಆರಿದ ಮೇಲಿನ ಮಾತೂ ಇದೆ. ಕಬ್ಬಿಣದ ಮೋಲ್ಡ್ ಆದರೆ ಸುಟ್ಟ ಕಾಂಕ್ರೀಟ್ ಕೆರೆದು, ಕಂಬಿ ನೋಡಿ, ಬೇಕಾದರೆ ತುಂಡು ತೆಗೆದು ಪರೀಕ್ಷೆ ಮಾಡಿ, ಉಳಿಸಬಹುದಾ ಇಲ್ಲವಾ ಹೇಳುತ್ತೇನೆ. ಬಿಸಿ ಮಿತಿಯಲ್ಲಿದ್ದರೆ ತಣ್ಣಗಾದ ಮೇಲೆ ಕಬ್ಬಿಣಕ್ಕೆ ಬಹುಪಾಲು ಬಲ ಮರಳಿ ಬರುತ್ತದೆ. ಕರಕಲಾದ ರೆಸಿನ್ ಮರಳಿ ಬರುವುದಿಲ್ಲ. ಹೊರಗಿನಿಂದ ನೆಟ್ಟಗಿರುವ ಮೋಲ್ಡ್‌ನೊಳಗೆ ಬರೀ ಗಾಜಿನ ಕೂದಲು ಇರಬಹುದು. ಮನೆಯವರು ಪಾತ್ರೆ, ಪತ್ರ ಹುಡುಕಲು ಅದರ ಕೆಳಗೇ ಹೋಗುತ್ತಾರೆ.

ಕೋಡ್‌ಗಳು ಏನು ಹೇಳುತ್ತವೆ? ಭಾರತದಲ್ಲಿ 2023ರಲ್ಲಿ ಫೈಬರ್ ಕಂಬಿಗೆ ಐಎಸ್ 18256 ಬಂತು. "ಈಗ ಐಎಸ್ ಇದೆ ಸಾರ್" ಅಂತ ಹೇಳಿಕೊಂಡು ಬರುವವರಿದ್ದಾರೆ. ಅದು ಕಂಬಿ ಹೇಗಿರಬೇಕು ಅನ್ನುವ ಮಾನದಂಡ. ಮನೆಗೆ ಬೆಂಕಿ ಬಿದ್ದರೆ ಎಷ್ಟು ಗಂಟೆ ನಿಲ್ಲುತ್ತದೆ ಅನ್ನುವ ಪ್ರಮಾಣಪತ್ರ ಅಲ್ಲ. ಅಮೆರಿಕದವರು ಈ ಕಂಬಿಯ ಮೇಲೆ ದಶಕಗಟ್ಟಲೆ ಕೆಲಸ ಮಾಡಿದ್ದಾರೆ. ಆದರೂ ಅಲ್ಲಿನ ಕಟ್ಟಡಗಳಿಗೆ ಮಾದರಿಯಾದ ಐಬಿಸಿ ಕೋಡ್‌ನ 2024ರ ಆವೃತ್ತಿ ಒಂದು ಷರತ್ತು ಹಾಕಿಯೇ ಇದನ್ನು ಒಳಗೆ ಬಿಟ್ಟಿತು: ಬೆಂಕಿ ತಡೆಯುವ ಗಂಟೆಗಳ ಅಗತ್ಯ ಇಲ್ಲದ ಕಡೆ ಮಾತ್ರ. ಅಷ್ಟು ತಿಳಿದವರೇ ಕಾಯುತ್ತಿರುವಾಗ ಜಲ್ಲಿ ಚೂರಿನ ಮೇಲೆ ಕಂಬಿ ಮಲಗಿಸುವ ನಾವು ಯಾಕೆ ಮುಂದೆ ಓಡಬೇಕು?

ಕಾರ್ಬನ್ ಪಟ್ಟಿಯ ನಿಯಮವನ್ನು ಹೊಗಳಿದ್ದು ಸರಿ. ಬೇಸರದ ಸಂಗತಿ ಅಂದರೆ ಆ ನಿಯಮವನ್ನು ಮರೆತೇ ಬಹಳ ಕಡೆ ಕೆಲಸ ನಡೆಯುತ್ತದೆ. ಎರಡು ಮಹಡಿಗೆ ಹಾಕಿದ ಪಿಲ್ಲರ್‌ಗೆ ಕಾರ್ಬನ್ ಸುತ್ತಿ ಇನ್ನೆರಡು ಮಹಡಿ ಏರಿಸುತ್ತಾರೆ. ಸೈಟಿನಲ್ಲಿ ಕೈಯಿಂದ ಬಳಿಯುವ ಆ ಎಪಾಕ್ಸಿ ಮೆತ್ತಗಾಗುವುದು 60–80 ಡಿಗ್ರಿಗೆ. ಚಹಾ ಕುದಿಯುವುದಕ್ಕಿಂತ ಕಡಿಮೆ ಬಿಸಿ ಅದು. ಪಟ್ಟಿ ಇಲ್ಲದಿದ್ದರೆ ನಿಲ್ಲದ ಕಟ್ಟಡ, ಬೆಂಕಿಯ ದಿನ ಪಟ್ಟಿ ಇಲ್ಲದ ಕಟ್ಟಡವೇ. ಇಂಥ ಒಂದು ಕೆಲಸಕ್ಕೆ ಸಹಿ ಹಾಕುವುದಿಲ್ಲ ಅಂದದ್ದಕ್ಕೆ ಆ ಮಾಲೀಕರು ನನ್ನ ಜತೆ ಮಾತು ಬಿಟ್ಟಿದ್ದಾರೆ.

ಕುಮಟಾದ ಆ ಸೂರಿನ ವಾದಕ್ಕೆ ಮಾತ್ರ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ಕರಾವಳಿಯಲ್ಲಿ ಕಬ್ಬಿಣವನ್ನು ಕಾಪಾಡುವ ದಾರಿ ಗಟ್ಟಿ ಕಾಂಕ್ರೀಟ್, ಜಾಸ್ತಿ ಕವರ್, ಕಾಂಕ್ರೀಟ್ ಒಣಗಲು ಬಿಡದೆ ದಿನಾ ನೀರು ಹಾಕುವುದು. ಕೇಳಲು ಹಳೆಯ ಮಾತು. ಆದರೆ 40 ಮಿ.ಮೀ. ಕವರ್ ಅನ್ನು ಫೈಬರ್ ಕಂಬಿಗೆ ಕೊಡಲು ಸಾಧ್ಯ ಅನ್ನುವುದಾದರೆ, ಅದನ್ನೇ ಕಬ್ಬಿಣಕ್ಕೆ ಕೊಟ್ಟರೆ ತುಕ್ಕಿಗೂ ಆಯಿತು, ಬೆಂಕಿಗೂ ಆಯಿತು.

ಕೆಂಗೇರಿಯ ಮನೆಗೆ ಮೋಲ್ಡ್, ಬೀಮ್, ಪಿಲ್ಲರ್ ಎಲ್ಲ ಕಬ್ಬಿಣದಲ್ಲೇ ಬರೆದೆ. ಸ್ಲ್ಯಾಬ್‌ಗೆ ಕವರ್ 25. ಕವರ್ ಬ್ಲಾಕ್‌ಗಳನ್ನು ಮೇಡಂ ಖುದ್ದಾಗಿ ಎಣಿಸಿದರು, ಹಾಜರಿ ಕರೆದ ಹಾಗೆ. ಮೇಷ್ಟರ ಮನಸ್ಸಿಗೆ ಬೇಜಾರಾಗಬಾರದು ಅಂತಲ್ಲ, ಅದು ಸರಿಯಾದ ಜಾಗ ಅಂತಲೇ, ನೆಲದೊಳಗಿನ ನೀರಿನ ಸಂಪಿಗೆ ಫೈಬರ್ ಕಂಬಿ ಹಾಕಿಸಿದೆ. ಅಲ್ಲಿಗೆ ಬೆಂಕಿ ಹೋಗುವುದಿಲ್ಲ, ತೇವ ಬಿಡುವುದಿಲ್ಲ. ಮೂಲೆಗಳಿಗೆ ಎಲ್ ಆಕಾರದ ಕಂಬಿಯನ್ನು ಕಾರ್ಖಾನೆಯಲ್ಲೇ ಬಗ್ಗಿಸಿ ತರಿಸಬೇಕಾಯಿತು. ಮೂರು ವಾರ ತಡವಾಯಿತು. ಸಂಪಿಗೆ ಮೊದಲ ಸಲ ನೀರು ಬಿಟ್ಟ ದಿನ ಮೇಷ್ಟರು ಫೋನ್ ಮಾಡಿ, ಸೋರುತ್ತಿಲ್ಲ ಅಂತ ಹೇಳಿದರು.